ಮುದಿ ನಾಯಿ ಮೇಲೇಳಲು ಒದ್ದಾಡುತ್ತಿದೆಯೇ? ಮನೆಯಲ್ಲಿ ಮಾಡಬೇಕಾದ್ದು, ದವಾಖಾನೆಯಲ್ಲಿ ಕೇಳಬೇಕಾದ್ದು

ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ತರಹದವು. "ನಮ್ಮ ನಾಯಿಗೆ ಹನ್ನೆರಡು ವರ್ಷ ಆತ್ರಿ. ಮುಂಜಾನೆ ಏಳಾಕ ಆಗವಲ್ದು. ಕಟ್ಟಿ ಹತ್ತವಲ್ದು. ಎಲ್ಲಾರೂ ವಯಸ್ಸಾಗೇತಿ ಬಿಡ್ರಿ ಅಂತಾರ. ಏನ್ ಮಾಡೂದು?" ಹುಬ್ಬಳ್ಳಿ, ಧಾರವಾಡದಿಂದಷ್ಟೇ ಅಲ್ಲ, ಗದಗ, ಹಾವೇರಿ ಕಡೆಯಿಂದಲೂ ಇದೇ ಮಾತು. ಹಾಗಾಗಿ ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ವಯಸ್ಸು ರೋಗ ಅಲ್ಲ. "ವಯಸ್ಸಾಗೇತಿ" ಎಂಬ ಮಾತಿನ ಹಿಂದೆ ಹೆಚ್ಚಿನ ಸಲ ನೋವು ಕೂತಿರುತ್ತದೆ. ನೋವಿಗೆ ಔಷಧ ಇದೆ. ನಮ್ಮ ನಾಯಿ ವಾಕಿಂಗಿಗೆ ಬರಲ್ಲ ಎಂದು ಕೂತಾಗ ನಾನೂ ವಯಸ್ಸು ಅಂದುಕೊಂಡೆ. ಐದಾರು ತಿಂಗಳು ಹಾಗೇ ಹೋದವು. ನೋವಿನ ಔಷಧ ಶುರುವಾದ ವಾರದಲ್ಲೇ ಅದು ತಾನಾಗಿ ಎದ್ದು ಗೇಟಿನ ಹತ್ತಿರ ಬಂದು ನಿಂತಿತು. ಆ ಐದಾರು ತಿಂಗಳು ಅದು ನೋವು ತಿಂದದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ಎಷ್ಟು ವರ್ಷಕ್ಕೆ ಮುದಿತನ ಅಂತ ಕೇಳುತ್ತೀರಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ನಾಯಿಗಳಿಗೆ 7–8 ವರ್ಷಕ್ಕೇ ಶುರು. ಪೊಮೆರೇನಿಯನ್‌ನಂಥ ಚಿಕ್ಕವಕ್ಕೆ 10–11. ನಮ್ಮ ಊರ ನಾಯಿಗಳು ಇವೆರಡರ ನಡುವೆ.

ಹಂತ 1: ಒಂದು ವಾರ ಕಣ್ಣಿಟ್ಟು ನೋಡಿ, ಬರೆದಿಡಿ

ನಾಯಿ ನೋವನ್ನು ಕೂಗಿ ಹೇಳುವುದು ಕಡಿಮೆ. ಕುಂಯ್ ಅನ್ನಲಿಲ್ಲ, ಹಾಗಾದರೆ ನೋವಿಲ್ಲ ಎಂದು ತಿಳಿಯಬೇಡಿ. ಮಲಗಿ ಎದ್ದ ಕೂಡಲೇ ಬಿಗಿಯಾಗಿ ನಡೆದು ಆಮೇಲೆ ಸ್ವಲ್ಪ ಸಡಿಲವಾಗುವುದು, ಮೆಟ್ಟಿಲ ಮುಂದೆ ಯೋಚನೆ ಮಾಡುತ್ತಾ ನಿಲ್ಲುವುದು, ಒಂದೇ ಕೀಲನ್ನು ನೆಕ್ಕುತ್ತಿರುವುದು, ಸೊಂಟ ಮುಟ್ಟಿದರೆ ತಿರುಗಿ ನೋಡುವುದು, ಮಕ್ಕಳ ಮೇಲೆ ಎಂದೂ ಗುರ್ ಅನ್ನದಿದ್ದದ್ದು ಈಗ ಅನ್ನುವುದು, ಹಿಂಗಾಲಿನ ತೊಡೆ ತೆಳ್ಳಗಾಗುವುದು. ಇವೇ ನೋವಿನ ಗುರುತುಗಳು.

ಜೊತೆಗೆ ಮೂರು ವಿಷಯ ಎಣಿಸಿ. ಗಾಢ ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಉಸಿರು ಎಂದು ನೋಡಿ. ಎದೆ ಏರಿ ಇಳಿದರೆ ಒಂದು. ದಿನವೂ 30ರ ಮೇಲೆ ಬರುತ್ತಿದ್ದರೆ ಹೃದಯ ಅಥವಾ ಶ್ವಾಸಕೋಶ ಪರೀಕ್ಷೆ ಮಾಡಿಸಲೇಬೇಕು. ಎರಡನೆಯದು ನೀರು. ಬೆಳಿಗ್ಗೆ ಅಳೆದು ಹಾಕಿ, ಮರುದಿನ ಉಳಿದದ್ದನ್ನು ಅಳೆಯಿರಿ. ದಿನಕ್ಕೆ ಕೆಜಿ ತೂಕಕ್ಕೆ 100 ಮಿಲಿ ಲೀಟರ್‌ಗಿಂತ ಜಾಸ್ತಿ, ಅಂದರೆ 20 ಕೆಜಿ ನಾಯಿ 2 ಲೀಟರ್‌ಗಿಂತ ಹೆಚ್ಚು ಕುಡಿಯುತ್ತಿದ್ದರೆ ಮೂತ್ರಪಿಂಡ, ಸಕ್ಕರೆ ಕಾಯಿಲೆ, ಹಾರ್ಮೋನ್ ತೊಂದರೆಗಳಲ್ಲಿ ಒಂದಿರಬಹುದು. ಮೂರನೆಯದು ತೂಕ. ನೀವು ನಾಯಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ.

ಮೊಬೈಲಿನಲ್ಲಿ ಎರಡು ವಿಡಿಯೊ ಮಾಡಿ. ಒಂದು ಮಲಗಿದಲ್ಲಿಂದ ಏಳುವುದು, ಇನ್ನೊಂದು ನಡೆಯುವುದು. ದವಾಖಾನೆಗೆ ಹೋದಾಗ ಹೆದರಿಕೆಗೆ ಎಷ್ಟೋ ನಾಯಿಗಳು ನೆಟ್ಟಗೆ ನಡೆದುಬಿಡುತ್ತವೆ. ಆಗ ಡಾಕ್ಟರ್ ಆದರೂ ಏನು ನೋಡಬೇಕು?

ಎಚ್ಚರಿಕೆ: ಕೆಲವಕ್ಕೆ ವಾರ ಕಾಯಬಾರದು, ಅವತ್ತೇ ಹೊರಡಬೇಕು. ಹಿಂಗಾಲು ಒಮ್ಮೆಲೇ ಬಿದ್ದುಹೋಗುವುದು. ವಸಡು ಬೆಳ್ಳಗೆ ಅಥವಾ ಹಳದಿಯಾಗುವುದು. ಮೂತ್ರ ಬಾರದೆ ತಿಣುಕುವುದು. ಹೊಟ್ಟೆ ಉಬ್ಬಿ, ವಾಂತಿ ಬಾರದೆ ಓಕರಿಸುವುದು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರದ ಹೆಣ್ಣು ನಾಯಿಯಾದರೆ ಇನ್ನೊಂದು ಅಪಾಯವಿದೆ. ಬೆದೆಗೆ ಬಂದ ಒಂದೆರಡು ತಿಂಗಳಲ್ಲಿ ಮಂಕಾಗಿ, ನೀರು ಬಹಳ ಕುಡಿಯುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಇದಕ್ಕೆ ಪಯೋಮೆಟ್ರಾ ಎನ್ನುತ್ತಾರೆ. ಕೀವು ಹೊರಗೆ ಕಾಣಲೇಬೇಕೆಂದಿಲ್ಲ. ತಡ ಮಾಡಿದರೆ ಜೀವ ಹೋಗುತ್ತದೆ.

ಹಂತ 2: ದವಾಖಾನೆಗೆ ಒಯ್ಯುವುದು, ಅಲ್ಲಿ ಕೇಳುವುದು

ದೊಡ್ಡ ನಾಯಿಯನ್ನು ಕಂಕುಳಲ್ಲಿ ಕೈ ಹಾಕಿ ಎತ್ತಬೇಡಿ. ಮುಂಗಾಲು ಹಿಡಿದು ಎಳೆಯಲೇಬೇಡಿ. ಗಟ್ಟಿ ಕೌದಿ ನೆಲಕ್ಕೆ ಹಾಸಿ, ಅದರ ಮೇಲೆ ನಾಯಿಯನ್ನು ಮೆಲ್ಲಗೆ ಸರಿಸಿ. ಇಬ್ಬರು ನಾಲ್ಕು ಮೂಲೆ ಹಿಡಿದು ಎತ್ತಿ ಆಟೊದಲ್ಲಿ ಇಡಿ. ಎಷ್ಟೇ ಸಾಧು ನಾಯಿಯೂ ನೋವಾದರೆ ಕಚ್ಚಬಹುದು. ಉಸಿರಾಟ ಸರಿ ಇದ್ದರೆ ಮಾತ್ರ ಮೆತ್ತನೆ ಬಟ್ಟೆಯಿಂದ ಬಾಯಿ ಕಟ್ಟಿ.

ಡಾಕ್ಟರಿಗೆ ನಿಮ್ಮ ಬರಹ, ವಿಡಿಯೊ ಎರಡನ್ನೂ ತೋರಿಸಿ, ಬಾಯಿಬಿಟ್ಟು ಕೇಳಿ: "ಇದು ಕೀಲಿನ ತೊಂದರೆಯೋ, ಬೆನ್ನುಹುರಿಯದೋ, ಬೇರೇನಾದರೂ ಇದೆಯೋ?" ಮೂರಕ್ಕೂ ದಾರಿ ಬೇರೆ. ಕೀಲಿನೊಳಗಿನ ಮೆತ್ತನೆ ಪದರ ಸವೆದು ಎಲುಬು ಉಜ್ಜುವುದು ಸಂಧಿವಾತ. ಅಲ್ಲಿ ನೋವು ಇರುತ್ತದೆ, ಕಾಲಿಗೆ ಬಲ ಇರುತ್ತದೆ. ಬೆನ್ನುಹುರಿಯ ತೊಂದರೆಯಲ್ಲಿ ಕಾಲಿಗೆ ಸುದ್ದಿಯೇ ಮುಟ್ಟುವುದಿಲ್ಲ. ಪಾದ ಮಡಚಿ ಮೇಲ್ಭಾಗ ನೆಲಕ್ಕೆ ತಾಗುತ್ತದೆ, ಉಗುರು ಸವೆಯುತ್ತವೆ. ನಮ್ಮ ಕಡೆ ಮೂರನೆಯದೂ ಜಾಸ್ತಿ. ಅದು ಉಣ್ಣಿ ಜ್ವರ. ಉಣ್ಣಿ ಕಚ್ಚಿ ರಕ್ತಕ್ಕೆ ಸೇರುವ ರೋಗಾಣುಗಳಿಂದ ಜ್ವರ, ಕೀಲು ನೋವು, ಕೆಲವೊಮ್ಮೆ ಮೂಗಿನಿಂದ ರಕ್ತ. ಮುದಿ ನಾಯಿ ಕುಂಟಿದರೆ ಅದೆಲ್ಲ ಸಂಧಿವಾತ ಎಂದು ಬಿಡಬಾರದು. ರಕ್ತ ಪರೀಕ್ಷೆ ಮಾಡಿಸಿ. ಅದೇ ರಕ್ತದಲ್ಲಿ ಮೂತ್ರಪಿಂಡ, ಯಕೃತ್ತಿನ ಪರೀಕ್ಷೆಯೂ ಆಗಲಿ. ಚೀಟಿಯಲ್ಲಿ ಕ್ರಿಯಾಟಿನಿನ್ ಅಂತ ಇರುತ್ತದೆ. ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಸ ಅದು. ರಕ್ತದಲ್ಲಿ ಅದು ಏರುತ್ತಾ ಹೋದರೆ ಸೋಸುವ ಕೆಲಸ ಕುಂದಿದೆ ಎಂದರ್ಥ. ನೋವಿನ ಗುಳಿಗೆ ಶುರು ಮಾಡುವ ಮೊದಲೇ ಇದು ಗೊತ್ತಿರಬೇಕು.

ಮೈಮೇಲೆ ಗಂಟು ಇದ್ದರೆ ತೋರಿಸಿ. ಸೂಜಿಯಿಂದ ಸ್ವಲ್ಪ ತೆಗೆದು ನೋಡಿದರೆ ಕೊಬ್ಬಿನ ಗಂಟೋ ಬೇರೆಯದೋ ಬಹಳಷ್ಟು ಸಲ ತಿಳಿಯುತ್ತದೆ. ಬಾಯಿ ವಾಸನೆಯನ್ನೂ ಹೇಳಿ. ಹಲ್ಲು ನೋವಿಗೇ ಊಟ ಬಿಡುವ ಮುದಿ ನಾಯಿಗಳು ಬಹಳ.

ಹತ್ತಿರದ ಸರಕಾರಿ ದನದ ದವಾಖಾನೆಯಿಂದಲೇ ಶುರು ಮಾಡಬಹುದು. ಗದಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಸಂಚಾರಿ ಪಶು ಚಿಕಿತ್ಸೆಯ ಸಹಾಯವಾಣಿ 1962. ಅದು ಮುಖ್ಯವಾಗಿ ದನಕರುಗಳಿಗಾಗಿ ಇರುವುದು. ನಾಯಿಗೆ ನಿಮ್ಮ ತಾಲ್ಲೂಕಿನಲ್ಲಿ ಬರುತ್ತಾರಾ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಎಕ್ಸ್‌ರೇ ಎಲ್ಲ ಕಡೆ ಇರುವುದಿಲ್ಲ. ನಡೆಯಲಾಗದ ನಾಯಿಯನ್ನು ಹೊತ್ತು ನಾಲ್ಕು ಕಡೆ ತಿರುಗುವ ಮೊದಲು ಇದನ್ನೂ ಕೇಳಿ.

ಎಚ್ಚರಿಕೆ, ಇದನ್ನು ದಯವಿಟ್ಟು ಎರಡು ಸಲ ಓದಿ: ಮನೆಯಲ್ಲಿರುವ ಮನುಷ್ಯರ ನೋವಿನ ಗುಳಿಗೆ ನಾಯಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಯಕೃತ್ತಿಗೆ ಹೊಡೆತ. "ಮೆಲಾಕ್ಸಿಕ್ಯಾಮ್ ನಾಯಿಗೂ ಕೊಡ್ತಾರಲ್ಲ" ಎಂದು ಅಂಗಡಿಯಿಂದ ತರುವವರಿದ್ದಾರೆ. ಕೊಡುತ್ತಾರೆ ನಿಜ. ಆದರೆ 10 ಕೆಜಿ ನಾಯಿಗೆ ದಿನವೂ ಕೊಡುವ ಅಳತೆ ಸುಮಾರು 1 ಮಿಲಿಗ್ರಾಂ. ಅಂಗಡಿಯ ಗುಳಿಗೆ ಇರುವುದು 7.5 ಇಲ್ಲವೇ 15 ಮಿಲಿಗ್ರಾಂ. ಡಾಕ್ಟರ್ ಬರೆದುಕೊಟ್ಟದ್ದನ್ನು ಅದೇ ಅಳತೆಯಲ್ಲಿ, ಊಟದ ಜೊತೆಗೆ ಕೊಡಿ. ಬೇರೆ ಕಡೆ ಸ್ಟೆರಾಯ್ಡ್ ಸೂಜಿ ಮಾಡಿಸಿದ್ದರೆ ಹೇಳಲೇಬೇಕು. ಅದೂ ನೋವಿನ ಗುಳಿಗೆಯೂ ಕೂಡಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ವಾಂತಿ, ಡಾಂಬರಿನಂಥ ಕಪ್ಪು ಮಲ, ಊಟ ಬಿಡುವುದು ಕಂಡರೆ ಗುಳಿಗೆ ನಿಲ್ಲಿಸಿ ಫೋನ್ ಮಾಡಿ.

ಹಂತ 3: ಮನೆಯ ನೆಲ ಸರಿಮಾಡುವುದು

ಔಷಧದಷ್ಟೇ ಕೆಲಸ ಮಾಡುವುದು ಇದು. ಖರ್ಚೂ ಕಡಿಮೆ. ಆದರೂ ಬಹಳ ಜನ ಬಿಟ್ಟುಬಿಡುವುದು ಇದನ್ನೇ.

ನಮ್ಮ ಮನೆಗಳ ನೆಲ ನೆನಪಿಸಿಕೊಳ್ಳಿ. ಹಳೆ ಮನೆಯಲ್ಲಿ ನುಣುಪಾಗಿ ಸವೆದ ಶಹಾಬಾದ್ ಕಲ್ಲು, ಹೊಸ ಮನೆಯಲ್ಲಿ ಕನ್ನಡಿಯಂಥ ಟೈಲ್ಸ್. ಹಿಂಗಾಲಿನ ಬಲ ಕಡಿಮೆಯಾದ ನಾಯಿಗೆ ಇದರ ಮೇಲೆ ನಿಲ್ಲುವುದೆಂದರೆ ನಮಗೆ ಎಣ್ಣೆ ಚೆಲ್ಲಿದ ಬಚ್ಚಲಲ್ಲಿ ನಿಂತ ಹಾಗೆ. ಎರಡು ಸಲ ಜಾರಿ ಬಿದ್ದರೆ ಅದಕ್ಕೆ ಹೆದರಿಕೆ ಹತ್ತುತ್ತದೆ. ಮೂಲೆ ಬಿಟ್ಟು ಏಳುವುದೇ ಇಲ್ಲ. ಎದ್ದು ಓಡಾಡದಿದ್ದರೆ ಮಾಂಸಖಂಡ ಇನ್ನೂ ಕರಗುತ್ತದೆ. ಮಾಂಸಖಂಡ ಕರಗಿದರೆ ಇನ್ನೂ ಜಾರುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ತುಂಡರಿಸಬೇಕು ಅಲ್ವಾ? ನೆಲದಲ್ಲಿ ತುಂಡರಿಸುವುದು ಎಲ್ಲಕ್ಕಿಂತ ಸುಲಭ.

ನಾಯಿ ದಿನವೂ ಓಡಾಡುವ ದಾರಿ ಗುರುತಿಸಿ: ಹಾಸಿಗೆ, ನೀರಿನ ಬಟ್ಟಲು, ನೀವು ಕೂರುವ ಜಾಗ, ಹೊರಗಿನ ಬಾಗಿಲು. ಇಷ್ಟಕ್ಕೂ ಒಂದೇ ಪಟ್ಟಿಯಾಗಿ ಹಾಸಿ. ರಬ್ಬರ್ ಮ್ಯಾಟ್ ಅಥವಾ ಹಳೇ ಯೋಗ ಮ್ಯಾಟ್ ಕತ್ತರಿಸಿ ಜೋಡಿಸಿದರೆ ಸಾಕು. ಹಳೆಯ ಜಮಖಾನೆ ಇದ್ದರೆ ಅದೂ ಒಳ್ಳೆಯದೇ. ಆದರೆ ಟೈಲ್ಸ್ ಮೇಲೆ ಜಮಖಾನೆಯೇ ಜಾರುತ್ತದೆ, ಕೆಳಗೆ ರಬ್ಬರ್ ಜಾಳಿಗೆ ಹಾಕಿ. ಗೋಣಿ ತಟ್ಟು ಹಾಸುವುದಾದರೆ ಅಂಚು ಹೊಲಿಯಿರಿ. ಎಳೆ ಉಗುರಿಗೆ ಸಿಕ್ಕಿ ನಾಯಿ ಬೀಳುತ್ತದೆ. ತುಂಡು ತುಂಡಾಗಿ ಹಾಸಿ ನಡುವೆ ಜಾಗ ಬಿಡಬೇಡಿ. ಹೆದರಿದ ನಾಯಿ ಆ ಒಂದು ಅಡಿ ದಾಟದೆ ಅಲ್ಲೇ ನಿಲ್ಲುತ್ತದೆ.

ಉಗುರು ನೋಡಿ. ನಡೆಯುವಾಗ ಟಕ್ ಟಕ್ ಸದ್ದು ಬಂದರೆ ಉದ್ದವಾಗಿವೆ. ತುದಿ ಮಾತ್ರ ಸ್ವಲ್ಪ ಸ್ವಲ್ಪ ಕತ್ತರಿಸಿ. ಒಳಗೆ ರಕ್ತನಾಳ ಇದೆ, ಕಪ್ಪು ಉಗುರಿನಲ್ಲಿ ಅದು ಕಾಣುವುದಿಲ್ಲ. ರಕ್ತ ಬಂದರೆ ಒಣ ಹಿಟ್ಟು ಒತ್ತಿ ಹಿಡಿಯಿರಿ. ಪಾದದ ಮೆತ್ತೆಗಳ ನಡುವಿನ ಕೂದಲನ್ನೂ ಕತ್ತರಿಸಿ, ಅದೇ ಅರ್ಧ ಜಾರಿಸುತ್ತದೆ.

ಹಾಸಿಗೆಗೆ ನಮ್ಮ ಕೌದಿಗಿಂತ ಒಳ್ಳೆಯದು ನಾನು ನೋಡಿಲ್ಲ. ನಾಲ್ಕು ಮಡಿಕೆ ಮಾಡಿ ಕೆಳಗೆ ಮೂರು ನಾಲ್ಕು ಇಂಚಿನ ಫೋಮ್ ಇಟ್ಟರೆ ಸಾಕು. ತೊಳೆಯಬಹುದು, ಒಣಗಿಸಬಹುದು. ಮುಧೋಳ ನಾಯಿ ಇದ್ದವರು ಇನ್ನೊಂದು ಪದರ ಸೇರಿಸಿ. ಅವುಗಳ ಮೈಯಲ್ಲಿ ಕೊಬ್ಬು ಕಡಿಮೆ, ಎಲುಬು ನೇರ ನೆಲಕ್ಕೆ ಒತ್ತುತ್ತದೆ, ಥಂಡಿಯೂ ಬೇಗ ಹತ್ತುತ್ತದೆ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಕಲ್ಲು ನೆಲದ ಮೇಲೆ ಮಲಗಿದ ಮುದಿ ನಾಯಿಗೆ ಏಳುವುದೇ ದೊಡ್ಡ ಕೆಲಸ. ಬೇಸಿಗೆಯಲ್ಲಿ ಮಾತ್ರ ತಂಪು ಕಲ್ಲಿನ ಜಾಗವೂ ಸಿಗಲಿ, ಎಲ್ಲಿ ಬೇಕೋ ಅಲ್ಲಿ ಅದೇ ಮಲಗುತ್ತದೆ.

ಕಟ್ಟೆಗೆ ಇಳಿಜಾರು ಹಲಗೆ ಹಾಕಿ, ಮೇಲೆ ಗೋಣಿ ಬಡಿಯಿರಿ. ಹಲಗೆ ಉದ್ದವಿದ್ದಷ್ಟೂ ಒಳ್ಳೆಯದು. ಗಿಡ್ಡ ಹಲಗೆಯ ಕಡಿದಾದ ಏರು ಮೆಟ್ಟಿಲಿಗಿಂತ ಕಷ್ಟ.

ಹಂತ 4: ಎಬ್ಬಿಸುವುದು, ನಡೆಸುವುದು

ಅಗಲವಾದ ಟವೆಲ್ ಹೊಟ್ಟೆಯ ಹಿಂಭಾಗಕ್ಕೆ, ಹಿಂಗಾಲಿನ ಮುಂದೆ ಹಾಕಿ ಎರಡೂ ತುದಿ ಮೇಲೆ ಹಿಡಿಯಿರಿ. ಎತ್ತಿ ತೂಗಾಡಿಸುವುದಲ್ಲ, ಭಾರ ಸ್ವಲ್ಪ ಹಗುರ ಮಾಡುವುದು ಅಷ್ಟೇ. ಗಂಡು ನಾಯಿಯಾದರೆ ಶಿಶ್ನದ ಮೇಲೆ ಬಟ್ಟೆ ಒತ್ತದಂತೆ ಸರಿಸಿ, ಇಲ್ಲದಿದ್ದರೆ ಮೂತ್ರ ಮಾಡಲಾಗುವುದಿಲ್ಲ. ಎಬ್ಬಿಸುವ ಮುಂಚೆ ಎರಡು ನಿಮಿಷ ತೊಡೆ, ಸೊಂಟ ಮೆಲ್ಲಗೆ ತಿಕ್ಕಿ. ಚಳಿಗಾಲದಲ್ಲಿ ಬಿಸಿ ನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಬಹುದು. ಮೊದಲು ನಿಮ್ಮ ಮುಂಗೈಗೆ ಇಟ್ಟು ನೋಡಿ.

ನಡಿಗೆ ನಿಲ್ಲಿಸಬೇಡಿ, ಕಡಿಮೆ ಮಾಡಿ. ಹತ್ತು ನಿಮಿಷದಂತೆ ದಿನಕ್ಕೆ ಎರಡು ಮೂರು ಸಲ. ವಾರವಿಡೀ ಮಲಗಿಸಿ ಭಾನುವಾರ ಉಣಕಲ್ ಕೆರೆ ಸುತ್ತಿಸಿದರೆ ಸೋಮವಾರ ಅದು ಏಳುವುದಿಲ್ಲ. ಮಾರ್ಚಿನಿಂದ ಮೇ ತನಕ ಬೆಳಗಿನ ಏಳರೊಳಗೆ ಮುಗಿಸಿ. ಡಾಂಬರ್ ರಸ್ತೆಗೆ ನಿಮ್ಮ ಅಂಗೈ ಹಿಂಭಾಗ ಇಟ್ಟು ನೋಡಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ.

ಹಂತ 5: ಊಟ ಮತ್ತು ತೂಕ

ಸವೆದ ಕೀಲಿನ ಮೇಲೆ ಪ್ರತಿ ಕೆಜಿಯೂ ಭಾರವೇ. ಪಕ್ಕೆಲುಬಿನ ಮೇಲೆ ಅಂಗೈ ಸವರಿ. ಒತ್ತದೆ ಎಲುಬು ಕೈಗೆ ಹತ್ತಬೇಕು. ಹತ್ತದಿದ್ದರೆ ತೂಕ ಜಾಸ್ತಿ ಇದೆ. ಬರೀ ರೊಟ್ಟಿ ಹಾಲು, ಅನ್ನ ಹಾಲು ಹಾಕಿ ಬೆಳೆಸಿದ ನಾಯಿಗಳಲ್ಲಿ ಹೊಟ್ಟೆ ದಪ್ಪ, ತೊಡೆ ತೆಳು ಇರುವುದನ್ನು ನಾನು ಬಹಳ ಕಂಡಿದ್ದೇನೆ. ರೊಟ್ಟಿ, ಅನ್ನ ಕಡಿಮೆ ಮಾಡಿ, ಬೇಯಿಸಿದ ಮೊಟ್ಟೆ, ಎಲುಬಿಲ್ಲದ ಕೋಳಿ ಜಾಸ್ತಿ ಮಾಡಿ. ಮಾಂಸ ಮಾಡದ ಮನೆಯಾದರೆ ನಾಯಿಗೆಂದೇ ಮಾಡಿದ ಒಣ ಆಹಾರ ತರುವುದು ಸರಿಯಾದ ದಾರಿ. "ಮುದಿ ನಾಯಿಗೆ ಪ್ರೊಟೀನ್ ಬೇಡ" ಎಂಬ ಮಾತು ಎಲ್ಲಕ್ಕೂ ಅನ್ವಯಿಸದು. ಮೂತ್ರಪಿಂಡ ಕೆಟ್ಟಿದ್ದರೆ ಡಾಕ್ಟರ್ ಬೇರೆ ಊಟ ಹೇಳುತ್ತಾರೆ. ಮೀನೆಣ್ಣೆ ಕೀಲಿಗೆ ಒಳ್ಳೆಯದು, ಅಳತೆ ಅವರನ್ನೇ ಕೇಳಿ.

ಎಚ್ಚರಿಕೆ: ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಬೇಯಿಸಿದರೂ ಅಷ್ಟೇ. ಅಂದರೆ ನಮ್ಮ ಸಾರು, ಪಲ್ಯ, ಶೇಂಗಾ ಚಟ್ನಿ ಯಾವುದೂ ರೊಟ್ಟಿಗೆ ಹಚ್ಚಬಾರದು. ಸಂಜೆ ಚಹಾದ ಜೊತೆ ಮಿರ್ಚಿ ಭಜಿಯ ತುಂಡು, ಪೇಡೆಯ ತುಣುಕು ಪ್ರೀತಿಯಿಂದ ಹಾಕುತ್ತೇವೆ. ಎಣ್ಣೆ ಪದಾರ್ಥ ಮುದಿ ನಾಯಿಯ ಮೇದೋಜೀರಕ ಗ್ರಂಥಿಗೆ ಉರಿಯೂತ ತರಬಹುದು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಮನೆಯ ಹಿರಿಯರಿಗೂ ಮಕ್ಕಳಿಗೂ ಇದನ್ನು ಹೇಳಿಡಿ, ಯಾಕೆಂದರೆ ಹಾಕುವವರು ಹೆಚ್ಚಾಗಿ ಅವರೇ.

ಕತ್ತು ಬಗ್ಗಿಸಲು ಕಷ್ಟಪಡುತ್ತಿದ್ದರೆ ಬಟ್ಟಲನ್ನು ಮಣೆಯ ಮೇಲಿಡಿ. ನೀರು ಎರಡು ಮೂರು ಕಡೆ ಇರಲಿ. ರಾತ್ರಿ ಮೂತ್ರ ಮಾಡುತ್ತದೆಂದು ನೀರು ಕಡಿಮೆ ಮಾಡಬೇಡಿ. ಮೂತ್ರಪಿಂಡದ ತೊಂದರೆ ಇದ್ದರೆ ಅದರಿಂದಲೇ ಕೆಡುಕಾಗುತ್ತದೆ.

ಹಂತ 6: ಮೂತ್ರ, ಮೈ, ಹುಳು

ಮಲಗಿದಲ್ಲೇ ಮೂತ್ರ ಮಾಡಿದರೆ ಬೈಯಬೇಡಿ. ಅದಕ್ಕೆ ಗೊತ್ತಾಗುವುದೇ ಇಲ್ಲ, ಇಲ್ಲವೇ ಎದ್ದು ಹೋಗಲು ಆಗಿರುವುದಿಲ್ಲ. ಎದ್ದ ಕೂಡಲೇ, ಊಟದ ನಂತರ, ಮಲಗುವ ಮುಂಚೆ ಟವೆಲ್ ಹಿಡಿದು ಹೊರಗೆ ಒಯ್ಯಿರಿ. ಕೌದಿಯ ಮೇಲೆ ನೀರು ಹೀರುವ ಶೀಟು ಹಾಸಿ. ಒದ್ದೆಯಾದ ಮೈಯನ್ನು ಬೆಚ್ಚಗಿನ ನೀರಿನ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಹಿಂಭಾಗದ ಉದ್ದ ಕೂದಲು ಕತ್ತರಿಸಿಬಿಡಿ. ಹೆಣ್ಣು ನಾಯಿಗಳಲ್ಲಿ ಮೂತ್ರ ಸೋರುವುದಕ್ಕೆ ಎಷ್ಟೋ ಸಲ ಔಷಧ ಇದೆ, ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ಪೂರ್ತಿ ಮಲಗಿಬಿಟ್ಟ ನಾಯಿಯನ್ನು ಎರಡರಿಂದ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಒಂದೇ ಕಡೆ ಭಾರ ಬಿದ್ದರೆ ಮೊಣಕೈ, ಸೊಂಟದ ಎಲುಬಿನ ಮೇಲಿನ ಚರ್ಮ ಸಾಯುತ್ತದೆ. ಕೆಂಪಾಗಿ ಕೂದಲು ಉದುರಿದಾಗಲೇ ಗಮನಿಸಿ. ಗಾಯವಾದ ಮೇಲೆ ವಾಸಿಯಾಗುವುದು ತಿಂಗಳುಗಟ್ಟಲೆ.

ಮಳೆಗಾಲದಲ್ಲಿ ನೊಣ ಇದೇ ಗಾಯಕ್ಕೆ ಕಾಯುತ್ತಿರುತ್ತದೆ. ಒದ್ದೆ ಕೂದಲು, ಸಣ್ಣ ಗಾಯ, ಕಿವಿ, ಬಾಲದ ಕೆಳಗೆ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳು ಆಗಬಹುದು. ಕೊಳೆತ ವಾಸನೆ, ಒಂದೇ ಜಾಗ ನೆಕ್ಕುವುದು, ಕೂದಲು ಅಂಟಂಟಾಗುವುದು ಇದರ ಗುರುತು. ದಿನಕ್ಕೊಮ್ಮೆ ಬೆಳಕಿನಲ್ಲಿ ಕೂದಲು ಬಿಡಿಸಿ ಇಡೀ ಮೈ ನೋಡಿ. ಹಾಗೆಯೇ ಬೆರಳ ಸಂದು, ಕಿವಿಯೊಳಗೆ ಉಣ್ಣಿ ಹುಡುಕಿ. ಮಲಗುವ ಜಾಗಕ್ಕೆ ಸೊಳ್ಳೆ ಪರದೆ ಕಟ್ಟಿದರೆ ನೊಣವೂ ಬರದು.

ಎಚ್ಚರಿಕೆ: ಹುಳು ಕಂಡರೆ ಸೀಮೆಎಣ್ಣೆ, ಫಿನಾಯಿಲ್, ಪೆಟ್ರೋಲ್ ಸುರಿಯಬೇಡಿ. ಹಸಿ ಮಾಂಸ ಸುಡುತ್ತದೆ, ನೆಕ್ಕಿದರೆ ವಿಷ. ಅವತ್ತೇ ದವಾಖಾನೆಗೆ ಒಯ್ದು ಹುಳು ತೆಗೆಸಿ.

ಹಂತ 7: ರಾತ್ರಿ, ಕಣ್ಣು, ಕಿವಿ

ಕಣ್ಣಲ್ಲಿ ತಿಳಿ ನೀಲಿ ಮಬ್ಬು ಬಂದ ಮಾತ್ರಕ್ಕೆ ಕುರುಡಾಯಿತೆಂದಲ್ಲ, ಮುದಿ ನಾಯಿಗಳಲ್ಲಿ ಅದು ಸಹಜ. ಹಾಲಿನಂತೆ ಬೆಳ್ಳಗಾದರೆ ಪೊರೆ. ಕಣ್ಣು ಕಾಣದ ನಾಯಿಯ ಮನೆಯಲ್ಲಿ ಸಾಮಾನಿನ ಜಾಗ ಬದಲಿಸಬೇಡಿ. ಕಿವಿ ಕೇಳದ್ದನ್ನು ಮಲಗಿದಾಗ ಹಿಂದಿನಿಂದ ಮುಟ್ಟಬೇಡಿ, ನೆಲಕ್ಕೆ ಮೆಲ್ಲಗೆ ಕಾಲು ಬಡಿದರೆ ಅದಕ್ಕೆ ತಿಳಿಯುತ್ತದೆ.

ರಾತ್ರಿಯಿಡೀ ಅಡ್ಡಾಡುವುದು, ಮೂಲೆಯಲ್ಲಿ ಸಿಕ್ಕಿಕೊಂಡು ಹೊರಬರಲು ತಿಳಿಯದೆ ನಿಲ್ಲುವುದು, ಮನೆಯವರನ್ನೇ ಗುರುತಿಸದಿರುವುದು ಮುದಿ ಮಿದುಳಿನ ಮರೆವಿನ ಕಾಯಿಲೆ ಇರಬಹುದು. ನೋವೂ ರಾತ್ರಿ ನಿದ್ದೆ ಕೆಡಿಸುತ್ತದೆ, ಮೊದಲು ಅದನ್ನು ನೋಡಿಸಿ. ಸಣ್ಣ ದೀಪ ಹಚ್ಚಿಡಿ. ಗಣಪತಿ ಮೆರವಣಿಗೆ, ದೀಪಾವಳಿ ಪಟಾಕಿಗೆ ಹೆದರುವ ನಾಯಿಯಾದರೆ ಹಬ್ಬಕ್ಕೆ ವಾರ ಮುಂಚೆಯೇ ಡಾಕ್ಟರ್ ಜೊತೆ ಮಾತಾಡಿ.

ಹಂತ 8: ಇನ್ನು ಸಾಕೇ ಎಂದು ಕೇಳಿಕೊಳ್ಳುವುದು

ಇದನ್ನು ಬರೆಯುವುದು ಕಷ್ಟ, ಆದರೆ ಬರೆಯದಿದ್ದರೆ ಲೇಖನ ಅರ್ಧವಾಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಒಂದು ಗುರುತು ಹಾಕಿ. ಊಟ ಮಾಡಿತು, ಬಾಲ ಅಲ್ಲಾಡಿಸಿತು, ನೋವಿಲ್ಲದೆ ಮಲಗಿತು ಎಂದರೆ ಒಳ್ಳೆ ದಿನ. ಇಲ್ಲದಿದ್ದರೆ ಕೆಟ್ಟ ದಿನ. ದಿನವೂ ಎದುರಿಗೇ ಇರುವವರಿಗೆ ಇಳಿತ ಕಾಣುವುದಿಲ್ಲ, ಕ್ಯಾಲೆಂಡರ್ ತೋರಿಸುತ್ತದೆ. ಔಷಧ, ಆರೈಕೆ ಎಲ್ಲ ಮಾಡಿಯೂ ಕೆಟ್ಟ ದಿನಗಳೇ ಜಾಸ್ತಿಯಾದಾಗ ದಯಾಮರಣದ ಬಗ್ಗೆ ಡಾಕ್ಟರನ್ನು ಕೇಳುವುದು ಪಾಪವಲ್ಲ. "ಜೀವ ತೆಗೆಯೋದು ನಮ್ಮ ಕೈಲಿಲ್ಲ" ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರೊಂದಿಗೆ ಜಗಳ ಬೇಡ, ಪಕ್ಕದಲ್ಲಿ ಕೂರಿಸಿಕೊಂಡು ಕ್ಯಾಲೆಂಡರ್ ತೋರಿಸಿ.

ಸರಿಯಾದ ಕ್ರಮದಲ್ಲಿ ಮೊದಲು ನಿದ್ದೆಯ ಔಷಧ ಕೊಡುತ್ತಾರೆ, ಪ್ರಜ್ಞೆ ತಪ್ಪಿದ ಮೇಲೆ ಅರಿವಳಿಕೆ ಔಷಧವನ್ನು ಜಾಸ್ತಿ ಅಳತೆಯಲ್ಲಿ ರಕ್ತನಾಳಕ್ಕೆ ಹಾಕುತ್ತಾರೆ. ಹೀಗೇ ಮಾಡುತ್ತೀರಾ ಎಂದು ಮೊದಲೇ ಕೇಳಿ, ಕೇಳುವ ಹಕ್ಕು ನಿಮಗಿದೆ. ಕಣ್ಣು ತೆರೆದೇ ಇರುತ್ತದೆ, ಒಂದೆರಡು ಬಾರಿ ಎದೆ ಎಳೆದ ಹಾಗೆ ಕಾಣಬಹುದು. ಅದು ನೋವಲ್ಲ. ಸಾಧ್ಯವಾದರೆ ಪಕ್ಕದಲ್ಲಿ ಕೂತು ತಲೆ ಸವರುತ್ತಿರಿ. ಕೊನೆಯ ತನಕ ಅದಕ್ಕೆ ನಿಮ್ಮ ವಾಸನೆ ಇರಲಿ.

ಹೊಲದಲ್ಲಿ ಮಣ್ಣು ಮಾಡುವುದಾದರೆ ನಾಲ್ಕೈದು ಅಡಿ ಆಳ ತೆಗೆಯಿರಿ, ಬಾವಿ, ಬೋರ್‌ವೆಲ್‌ನಿಂದ ದೂರ ಇರಲಿ. ಮೇಲೆ ಕಲ್ಲು ಹೇರಿ. ದೇಹದಲ್ಲಿ ಉಳಿದ ಔಷಧ, ಅಗೆದು ತಿಂದ ಪ್ರಾಣಿ ಪಕ್ಷಿಯನ್ನೂ ಕೊಲ್ಲಬಹುದು. ಊರೊಳಗೆ ಜಾಗವಿಲ್ಲದವರು ಪಾಲಿಕೆಯ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಒಯ್ಯುವ ಮುಂಚೆ ಅದನ್ನು ಹತ್ತಿರ ಬಿಡಿ, ಮೂಸಿ ನೋಡಲಿ. ಇಲ್ಲದಿದ್ದರೆ ಎಷ್ಟೋ ದಿನ ಅದು ಬಾಗಿಲ ಕಡೆ ನೋಡುತ್ತಾ ಮಲಗುತ್ತದೆ.